ಕಾಸರಗೋಡಿನ ಗುಡ್ಡೆಗಳಲ್ಲಿ 50 ಕಿ.ಮೀ. ಟ್ರೈಲ್ ಓಟ ನಡೆಸಬೇಕೆಂದರೆ ಎಲ್ಲಿಂದ ಶುರು ಮಾಡಬೇಕು?

ನೀವು ಕೇಳಿದ್ದು ಇಷ್ಟು: ರಸ್ತೆ ಮ್ಯಾರಥಾನನ್ನು ಐದು ಗಂಟೆಯ ಆಸುಪಾಸು ಓಡಿದ್ದೀರಿ, ಈಗ ಬದಿಯಡ್ಕ, ಪೆರ್ಲ ಕಡೆ ಗೆಳೆಯರು ಸೇರಿ 50 ಕಿ.ಮೀ. ಟ್ರೈಲ್ ಓಟ, ಅಂದರೆ ಹೆಚ್ಚಾಗಿ ಗುಡ್ಡೆ, ಕಾಲುದಾರಿಯಲ್ಲೇ ಓಡುವ ಓಟ, ನಡೆಸುವ ಆಸೆ, ಅದರಲ್ಲಿ ನೀವೂ ಓಡಬೇಕು. ಎರಡೂ ಒಂದೇ ದಿನ ಆಗುವ ಕೆಲಸ ಅಲ್ಲ. ನಡೆಸುವವರು ಅವತ್ತು ಓಡಬಾರದು. ನಾನು ಈ ಕಡೆಯವನೇ. ಬೇರೆ ಕಡೆ ಹೋಗಿ ಓಡುತ್ತೇನೆ, ಇಲ್ಲಿ ಸಣ್ಣ ಮಟ್ಟದಲ್ಲಿ ನಡೆಸುತ್ತೇನೆ.

ಮೊದಲು ಬರುವವನ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಅವನು ಹೇಗಾದರೂ ಬರುತ್ತಾನೆ, ಮಧ್ಯಾಹ್ನದ ಊಟಕ್ಕೆ ಮನೆಯಲ್ಲಿರುತ್ತಾನೆ. ಲೆಕ್ಕ ಎಲ್ಲ ಹಾಕಬೇಕಾದ್ದು ಕಡೆಗೆ ಬರುವವರಿಗಾಗಿ. ನೀರು, ಬೆಳಕು, ಆಂಬುಲೆನ್ಸ್, ಸ್ವಯಂಸೇವಕರ ತಾಳ್ಮೆ, ಎಲ್ಲವೂ ಅವರು ಬರುವ ತನಕ ಉಳಿಯಬೇಕು.

ಆ ಹೊತ್ತು ಯಾವುದು ಅಂತ ಅಂದಾಜು ಮಾಡಲು ಸುಲಭದ ದಾರಿ ಇದೆ. ನೂರು ಮೀಟರ್ ಏರಿದರೆ ಒಂದು ಕಿ.ಮೀ. ಜಾಸ್ತಿ ಓಡಿದ ಹಾಗೆ ಅಂತ ಹಿಡಿಯಿರಿ. ಟ್ರೈಲ್ ಓಟದ ಅಂತರರಾಷ್ಟ್ರೀಯ ಸಂಸ್ಥೆ ಐಟಿಆರ್‌ಎ ಕೂಡ ಓಟಗಳನ್ನು ವಿಂಗಡಿಸುವುದು ಇದೇ ಲೆಕ್ಕದಲ್ಲಿ. 50 ಕಿ.ಮೀ.ಗೆ ಒಟ್ಟು 1500 ಮೀಟರ್ ಏರು ಇದ್ದರೆ 65 ಆಯಿತು. ರಸ್ತೆಯಲ್ಲಿ ನಿಮ್ಮ ವೇಗ ಗಂಟೆಗೆ ಎಂಟೂವರೆ ಕಿ.ಮೀ. ಹತ್ತಿರ. ಹಾಗಾದರೆ ಸುಮಾರು ಏಳೂಮುಕ್ಕಾಲು ಗಂಟೆ. ಅದು ಕಾಗದದಲ್ಲಿ. ಬಿಸಿಲು, ಸುಸ್ತು, ಜಾರುವ ಇಳಿಜಾರು ಸೇರಿಸಿ ಒಂಬತ್ತು ಅನ್ನಿ. ನಿಮಗಿಂತ ನಿಧಾನದವರಿಗೆ ಹನ್ನೊಂದು ಕೊಡಿ. ಬೆಳಿಗ್ಗೆ ಐದಕ್ಕೆ ಬಿಟ್ಟರೆ ಸಂಜೆ ನಾಲ್ಕಕ್ಕೆ ಮುಗಿಯುತ್ತದೆ. ಡಿಸೆಂಬರ್, ಜನವರಿಯಲ್ಲಿ ಕತ್ತಲಾಗಲು ಅಲ್ಲಿಂದ ಎರಡು ಗಂಟೆ ಕೈಯಲ್ಲಿರುತ್ತದೆ. ಯಾರಾದರೂ ಬರದಿದ್ದರೆ ಹುಡುಕಲು ಆ ಎರಡು ಗಂಟೆ ಬೇಕೇ ಬೇಕು.

ಆ ತಿಂಗಳುಗಳೇ ಯಾಕೆ ಅಂದರೆ ಜೂನ್‌ನಿಂದ ಮಳೆ, ತೋಡು ದಾಟಲು ಆಗುವುದಿಲ್ಲ. ಅಕ್ಟೋಬರ್, ನವೆಂಬರ್‌ನಲ್ಲಿ ತುಲಾ ತಿಂಗಳ ಗುಡುಗು ಮಳೆ. ಬೆಳಿಗ್ಗೆ ಆಕಾಶ ಸ್ವಚ್ಛ ಇರುತ್ತದೆ, ಮಧ್ಯಾಹ್ನದ ಮೇಲೆ ಸಿಡಿಲು. ಮರ ಇಲ್ಲದ ಮುರಕಲ್ಲಿನ (ಕೆಂಪು ಜಂಬಿಟ್ಟಿಗೆ ಕಲ್ಲು) ಬಯಲಲ್ಲಿ ಆಗ ಓಡುತ್ತಿರುವವನೇ ಎಲ್ಲಕ್ಕಿಂತ ಎತ್ತರ. ಮಾರ್ಚ್ ಆದ ಮೇಲೆ ಅದೇ ಕಲ್ಲು ಹತ್ತು ಗಂಟೆಗೆ ಕಾದ ಕಾವಲಿ. ಹಾಗೆಂದು ಡಿಸೆಂಬರ್ ಖಾಲಿ ತಿಂಗಳೂ ಅಲ್ಲ. ಕೋಲ, ತೆಯ್ಯಂ, ಜಾತ್ರೆಗಳ ಕಾಲ ಅದು. ದಿನ ಗೊತ್ತು ಮಾಡುವ ಮೊದಲು ದಾರಿಯ ಊರುಗಳಲ್ಲಿ ಕೇಳಿ. ಕೋಲದ ಮರುದಿನ ಬೆಳಿಗ್ಗೆ ನಿಮಗೆ ಒಬ್ಬ ಸ್ವಯಂಸೇವಕನೂ ಸಿಗುವುದಿಲ್ಲ.

ದಾರಿಯ ವಿಷಯ. ಎಲ್ಲರಿಗೂ ಮೊದಲು ರಾಣಿಪುರದ ಬೆಟ್ಟ ನೆನಪಾಗುತ್ತದೆ. ಬಿಡಿ ಅದನ್ನು. ಅದು ಅರಣ್ಯ ಇಲಾಖೆಯ ಜಾಗ, ಆನೆ ಇದೆ, ಆಚೆ ತಲಕಾವೇರಿ ವನ್ಯಜೀವಿಧಾಮ. ಅನುಮತಿ ಸಿಕ್ಕೀತು ಅಂತಲೇ ಇಟ್ಟುಕೊಳ್ಳಿ, ಆನೆ ಇರುವ ಕಾಡಲ್ಲಿ ನಸುಕಿಗೆ ಜನರನ್ನು ಬಿಡುವುದು ನನಗೆ ಸರಿ ಕಾಣುವುದಿಲ್ಲ. ಪೊಸಡಿಗುಂಪೆ ಗುಡ್ಡೆ ಸಾವಿರ ಅಡಿಗಿಂತ ಸ್ವಲ್ಪ ಜಾಸ್ತಿ ಎತ್ತರ ಅಷ್ಟೇ. ಆದರೆ ಅದರ ಸುತ್ತಲಿನ ಗುಡ್ಡೆ, ತೋಟ, ಪಂಚಾಯತ್ ರಸ್ತೆ, ಕಾಲುದಾರಿ ಜೋಡಿಸಿದರೆ 50 ಕಿ.ಮೀ. ಆರಾಮವಾಗಿ ಸಿಗುತ್ತದೆ. ಹತ್ತಿ ಇಳಿದು ಹತ್ತಿ ಇಳಿದು ಕಾಲು ಸೋಲುತ್ತದೆ ಕೂಡ.

ಆದರೆ ಆ ಕಾಲುದಾರಿಗಳು ಯಾರದೋ ತೋಟದಲ್ಲಿ, ಯಾರದೋ ಅಂಗಳದ ಬದಿಯಲ್ಲಿ ಹೋಗುತ್ತವೆ. ಠಾಣೆಗೂ ಪಂಚಾಯತಿಗೂ ಅರ್ಜಿಯನ್ನು ಮಲಯಾಳದಲ್ಲಿ ಕೊಡಿ, ಬೇಗ ಆಗುತ್ತದೆ. ಮನೆಗಳಿಗೆ ಮಾತ್ರ ಕಾಗದ ಹಿಡಿದುಕೊಂಡು ಹೋಗಬೇಡಿ. ಸಂಜೆ ಹೋಗಿ ಜಗಲಿಯಲ್ಲಿ ಕೂತು, ತುಳುವೋ ಕನ್ನಡವೋ, ಅವರ ಭಾಷೆಯಲ್ಲಿ ಮಾತಾಡಿ. ಪ್ರತಿ ಮನೆಯಲ್ಲೂ ಚಾ ಕುಡಿಯಬೇಕಾಗುತ್ತದೆ, ಕುಡಿಯಿರಿ. ಒಬ್ಬರು ಹಿರಿಯರು ಎಲ್ಲ ಕೇಳಿಸಿಕೊಂಡು ಹೇಳಿದ್ದು ಒಂದೇ ಮಾತು: "ಓಡ್ಲಿ ಮಾರಾಯ್ರೆ, ಅಂಗಳದ ಅಡಿಕೆ ಮೆಟ್ಟದಿದ್ರೆ ಆಯ್ತು." ನ್ಯಾಯವಾದ ಮಾತು. ಆ ಕಾಲದಲ್ಲಿ ಎಲ್ಲರ ಅಂಗಳದಲ್ಲೂ ಅಡಿಕೆ ಒಣಗುತ್ತಿರುತ್ತದೆ. ತಡಮೆ ದಾಟುವ ಕಡೆ, ನಾಯಿ ಇರುವ ಮನೆ, ದಾರಿಗೆ ಅಡ್ಡ ಬರುವ ಸ್ಪ್ರಿಂಕ್ಲರ್ ಪೈಪು ಎಲ್ಲ ಆಗಲೇ ಬರೆದುಕೊಳ್ಳಿ. ಹಂದಿ ಬಾರದ ಹಾಗೆ ಬೇಲಿಗೆ ಕರೆಂಟು ಕೊಡುತ್ತಾರಾ ಅಂತ ಸಂಕೋಚ ಇಲ್ಲದೆ ಕೇಳಿ. ನೀವು ಓಟಗಾರರನ್ನು ಕತ್ತಲಲ್ಲಿ ಬಿಡುವವರು. ಖಾತ್ರಿ ಆಗದಿದ್ದರೆ ಆ ತೋಟವನ್ನೇ ಬಿಟ್ಟುಬಿಡಿ.

ಗುರುತು ಕಟ್ಟುವಾಗ ಪ್ಲಾಸ್ಟಿಕ್ ರಿಬ್ಬನ್ ಬೇಡ, ದನ ತಿನ್ನುತ್ತದೆ. ಬಟ್ಟೆ ಪಟ್ಟಿ ಸಾಕು, ಬೇಲಿಗೆ ಕಟ್ಟದೆ ತಲೆಯ ಎತ್ತರಕ್ಕೆ ಕಟ್ಟಿ. ಕವಲಿನಲ್ಲಿ ಒಂದು, ತಿರುಗಿದ ಮೇಲೆ ಇಪ್ಪತ್ತು ಹೆಜ್ಜೆಗೆ ಇನ್ನೊಂದು. ಈ ಎರಡನೆಯದು ಕಾಣದೆ ಹೋದವನಿಗೆ ದಾರಿ ತಪ್ಪಿದ್ದು ಆಗಲೇ ಗೊತ್ತಾಗುತ್ತದೆ. ಹೋಗಬಾರದ ಕವಲಿಗೆ ಸುಣ್ಣದ ಪುಡಿಯಲ್ಲಿ ದೊಡ್ಡ ಗುಣಿಸು ಗುರುತು. ಓಟದ ದಿನ ಎಲ್ಲರಿಗಿಂತ ಮುಂಚೆ ಒಬ್ಬರು ಟಾರ್ಚ್ ಹಿಡಿದು ದಾರಿ ನೋಡಿಕೊಂಡು ಬರಲೇಬೇಕು. ರಾತ್ರಿ ಯಾರಾದರೂ ಸುಮ್ನೆ ತಮಾಷೆಗೆ ಪಟ್ಟಿ ಬಿಚ್ಚಿರುತ್ತಾರೆ.

ಚೆಕ್‌ಪೋಸ್ಟ್‌ಗಳಲ್ಲಿ ಆ್ಯಪ್ ನಂಬಬೇಡಿ, ಗುಡ್ಡೆಯ ಹಿಂದೆ ರೇಂಜ್ ಇರುವುದಿಲ್ಲ. ನೋಟ್‌ಬುಕ್ಕಲ್ಲಿ ನಂಬರ್ ಮತ್ತು ಗಂಟೆ ಬರೆಯಿರಿ. ಎಲ್ಲರ ಹಿಂದೆ ನಡೆದು ಬರಲು ಇಬ್ಬರನ್ನು ಇಡಿ. ಒಮ್ಮೆ ನಮ್ಮ ಪಟ್ಟಿಯಲ್ಲಿ ಒಂದು ನಂಬರ್ ಬಾಕಿ ಉಳಿಯಿತು. ಹಿಂದಿನ ಪೋಸ್ಟ್ ದಾಟಿದ್ದಾನೆ, ಮುಂದಿನದಕ್ಕೆ ಬಂದಿಲ್ಲ. ಫೋನ್ ಸ್ವಿಚ್ ಆಫ್. ತೋಟದವರು, ಓಡಿ ಮುಗಿಸಿದವರು, ಎಲ್ಲರೂ ಟಾರ್ಚ್ ಹಿಡಿದು ತೋಡಿನ ಬದಿ, ನೀರಿಗಾಗಿ ಗುಡ್ಡೆಗೆ ಕೊರೆದ ಸುರಂಗದ ಬಾಯಿ, ಕೆರೆ ಎಲ್ಲ ನೋಡಿದೆವು. ಎಂಟು ಗಂಟೆಗೆ ಅವನ ಫೋನ್ ಸಿಕ್ಕಿತು. ಸುಸ್ತಾಯಿತಂತೆ, ರಸ್ತೆ ಕಂಡಿತಂತೆ, ಬಸ್ಸು ಬಂತಂತೆ. ಮನೆಗೆ ಹೋಗಿ ಮಲಗಿದ್ದ! ಆಮೇಲಿಂದ ಓಟವನ್ನು ಅರ್ಧಕ್ಕೆ ಬಿಡುವವರು ನಂಬರ್ ಚೀಟಿಯನ್ನು ಪೋಸ್ಟಿನಲ್ಲಿ ಕೊಟ್ಟೇ ಹೋಗಬೇಕು, ಇಲ್ಲದಿದ್ದರೆ ಮುಂದಿನ ವರ್ಷ ಹೆಸರು ತೆಗೆದುಕೊಳ್ಳುವುದಿಲ್ಲ ಅಂತ ಮಾಡಿದ್ದೇವೆ.

ಇದು ಜಾಸ್ತಿ ಆಯಿತು ಅನಿಸಿದರೆ 2021ರ ಮೇ ತಿಂಗಳಲ್ಲಿ ಚೀನಾದ ಗಾನ್ಸುವಿನಲ್ಲಿ ಆದದ್ದು ನೋಡಿ. 100 ಕಿ.ಮೀ. ಓಟದಲ್ಲಿ ಇದ್ದಕ್ಕಿದ್ದಂತೆ ಗಾಳಿ, ಮಳೆ, ಚಳಿ ಬಂದು 21 ಜನ ಸತ್ತರು. ಗಾಳಿ ತಡೆಯುವ ಜಾಕೆಟ್ ಕಡ್ಡಾಯ ಇರಲಿಲ್ಲ. ಎಲ್ಲಕ್ಕಿಂತ ಕಷ್ಟದ ಏರಿನ ಭಾಗಕ್ಕೆ ವಾಹನ ಹೋಗುವಂತಿರಲಿಲ್ಲ. ನಮ್ಮಲ್ಲಿ ಆ ಚಳಿ ಇಲ್ಲ, ಆದರೆ ಎರಡನೆಯ ಪಾಠ ನಮಗೂ ಇದೆ. ಜೀಪು ಹೋಗದ ತುಂಡು ದಾರಿಯಲ್ಲಿ ಎಲ್ಲಿ ಬರುತ್ತದೆ, ಅಲ್ಲಿ ಬಿದ್ದವನನ್ನು ಹೊತ್ತು ತರಲು ಎಷ್ಟು ಜನ ಬೇಕು ಅಂತ ಮೊದಲೇ ತೀರ್ಮಾನ ಆಗಿರಬೇಕು.

ನಮ್ಮಲ್ಲಿ ಹೆದರಬೇಕಾದ್ದು ಸೆಕೆಗೆ. ಓಡುವವ ತಲೆಬುಡ ಇಲ್ಲದೆ ಮಾತಾಡುತ್ತಿದ್ದಾನೆ, ಮೈ ಕೆಂಡದ ಹಾಗಿದೆ ಅಂದರೆ ಮೊದಲು ಅಲ್ಲೇ ತೋಟದ ನೀರು ಸುರಿದು ತಣ್ಣಗೆ ಮಾಡಬೇಕು, ಆಸ್ಪತ್ರೆಗೆ ಸಾಗಿಸುವುದು ಆಮೇಲೆ. ಇನ್ನೊಂದು ಉಲ್ಟಾ ಕೇಸ್: ಬರೀ ನೀರು ಕುಡಿದು ಕುಡಿದು ರಕ್ತದ ಸೋಡಿಯಂ ಇಳಿಯುವುದು. ಬೆರಳು ಊದಿ ಉಂಗುರ ಬಿಗಿಯಾಗುತ್ತದೆ, ತಲೆನೋವು, ವಾಂತಿ. ಅಂಥವರಿಗೆ ಇನ್ನೂ ನೀರು ಕುಡಿಸಿದರೆ ಜೀವಕ್ಕೇ ಅಪಾಯ. ಅದಕ್ಕೆ ಬಾಯಾರಿದಷ್ಟೇ ಕುಡಿಯಿರಿ ಅಂತ ಮೊದಲೇ ಹೇಳಿಬಿಡಿ. ಪೋಸ್ಟಿನಲ್ಲಿ ಬಾಳೆಹಣ್ಣು, ಉಪ್ಪು ಹಾಕಿದ ಪುನರ್ಪುಳಿ ಶರಬತ್ತು, ಮೂವತ್ತು ಕಿ.ಮೀ. ದಾಟಿದ ಮೇಲೆ ಗಂಜಿ, ಮಾವಿನ ಮಿಡಿ ಉಪ್ಪಿನಕಾಯಿ ಇಡಿ. ಶಕ್ತಿಗೆಂದು ದುಬಾರಿ ಜೆಲ್ ಪೊಟ್ಟಣ ತಂದವರೂ ಕೊನೆಗೆ ಗಂಜಿಯ ಪಾತ್ರೆಯ ಹತ್ತಿರವೇ ನಿಲ್ಲುತ್ತಾರೆ.

ನಿಮ್ಮ ಓಟದ ಬಗ್ಗೆ ಎರಡು ಮಾತು. ಏರು ಬಂದಾಗ ನಡೆಯಿರಿ, ನಾಚಿಕೆ ಬೇಡ, ಗೆಲ್ಲುವವರೂ ನಡೆಯುತ್ತಾರೆ. ತೊಡೆ ಹಿಡಿದುಕೊಳ್ಳುವುದು ಇಳಿಯುವಾಗ, ಹಾಗಾಗಿ ಇಳಿಯುವುದನ್ನೇ ಅಭ್ಯಾಸ ಮಾಡಿ. ತೋಟದಲ್ಲಿ ಬಿದ್ದ ಅಡಿಕೆ ಹಾಳೆ ಮೆಟ್ಟಬೇಡಿ, ಒದ್ದೆಯಾಗಿದ್ದರೆ ಕಾಲು ಎಲ್ಲಿ ಹೋಯಿತು ಅಂತ ಗೊತ್ತಾಗುವುದಿಲ್ಲ. ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ನಡೆಯುವ ಮಲ್ನಾಡ್ ಅಲ್ಟ್ರಾದಲ್ಲಿ 50 ಕಿ.ಮೀ. ವಿಭಾಗ ಇದೆ. ಒಮ್ಮೆ ಅಲ್ಲಿ ಓಡಿ. ಇನ್ನೊಮ್ಮೆ ಯಾವುದಾದರೂ ಓಟದ ಕಡೆಯ ಪೋಸ್ಟಿನಲ್ಲಿ ಸ್ವಯಂಸೇವಕರಾಗಿ ಕೂತು, ಕಡೆಯವರು ದಾಟುವ ತನಕ ಇದ್ದು ಬನ್ನಿ. ಆಮೇಲೆ ನಿಮ್ಮದಕ್ಕೆ ಕೈ ಹಾಕಿ, ಮೊದಲ ವರ್ಷ ಐವತ್ತು ಜನ ಸಾಕು. ಟೀಶರ್ಟ್, ಮೆಡಲ್ ಚರ್ಚೆ ಕೊನೆಗೆ ಇಟ್ಟುಕೊಳ್ಳಿ. ನಮ್ಮ ಹುಡುಗರು ಮೀಟಿಂಗ್ ಶುರು ಮಾಡುವುದೇ ಅಲ್ಲಿಂದ, ಅಲ್ವಾ?