ಎರಡು ಮುದ್ರಣ, ಎರಡು ಸಾಲು: ಕವಿ ಬರೆದದ್ದು ಯಾವುದು?

ನಿಮ್ಮ ಪ್ರಶ್ನೆ ಇದು: ಒಂದೇ ಕವನ ಸಂಕಲನದ ಹಳೇ ಮುದ್ರಣ, ಹೊಸ ಮುದ್ರಣ ಎರಡೂ ನಿಮ್ಮ ಹತ್ತಿರ ಇವೆ. ಕೆಲವು ಸಾಲು ತಾಳೆಯಾಗುತ್ತಿಲ್ಲ. ಕವಿಯ ಸಾಲನ್ನು ಪ್ರಕಾಶಕರು ಹೀಗೆ ಬದಲಾಯಿಸಬಹುದಾ, ಯಾವುದನ್ನು ನಂಬಬೇಕು?

ಬದಲಾಯಿಸಬಾರದು. ಆದರೂ ಬದಲಾಗುತ್ತದೆ, ಅದೂ ಎಷ್ಟೋ ಸಲ ಯಾರೂ ಬೇಕಂತ ಮಾಡದೆ. ನಾನು ಮುಂಬೈ ಪಕ್ಕದ ಡೊಂಬಿವಲಿಯಲ್ಲಿ ಕೂತು ಕನ್ನಡ ಪುಸ್ತಕಗಳ ಕರಡು ತಿದ್ದುತ್ತೇನೆ. ಮೊಳೆ ಜೋಡಿಸಿ ಅಚ್ಚು ಹಾಕಿದ ಕಾಲದ ಪುಸ್ತಕಕ್ಕೆ ಕಂಪ್ಯೂಟರ್ ಫೈಲ್ ಎಲ್ಲಿಂದ ಬರಬೇಕು? ಮರುಮುದ್ರಣಕ್ಕೆ ಮತ್ತೆ ಪೂರ್ತಿ ಟೈಪ್ ಮಾಡಿಸುತ್ತಾರೆ. ಹಳೇ ಪುಸ್ತಕದಲ್ಲಿ ಸಾಲುಗುಂಪು ಪುಟದ ತುದಿಗೇ ಮುಗಿದಿದ್ದರೆ, ಆಮೇಲೆ ಜಾಗ ಬಿಡಬೇಕೋ ಬೇಡವೋ ಟೈಪ್ ಮಾಡುವವರಿಗೆ ತಿಳಿಯುವುದಿಲ್ಲ. ಎರಡು ಗುಂಪು ಅಂಟಿಕೊಂಡುಬಿಡುತ್ತವೆ. 'ನುಡಿ' ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೇ ಫೈಲನ್ನು ಈಗಿನ ಯೂನಿಕೋಡ್ ಅಕ್ಷರಕ್ಕೆ ತಂದರೆ ಅರ್ಕಾವತ್ತು, ಒತ್ತಕ್ಷರ ಅಲ್ಲಲ್ಲಿ ಕೈಕೊಡುತ್ತವೆ.

ಇದಕ್ಕಿಂತ ಜಾಸ್ತಿ ಹಾನಿ ಮಾಡುವವರು ಭಾಷೆ 'ಶುದ್ಧ' ಮಾಡುವ ಸಂಪಾದಕರು. ಉದಾಹರಣೆಗೆ ಸುಮ್ನೆ ನಾನೇ ಒಂದು ಸಾಲು ಕಟ್ಟುತ್ತೇನೆ:

ಬರತೇನಿ ಅಂದಾಕಿ ಬರಲಿಲ್ಲ

ಮಾತ್ರೆ ಎಣಿಸಿ (ಹ್ರಸ್ವಕ್ಕೆ ಒಂದು; ದೀರ್ಘಕ್ಕೆ, ಸೊನ್ನೆ ಇರುವುದಕ್ಕೆ, ಒತ್ತಕ್ಷರದ ಹಿಂದಿನದಕ್ಕೆ ಎರಡು). ಐದು, ಐದು, ಐದು. ಇದನ್ನೇ 'ಬರುತ್ತೇನೆ ಎಂದವಳು ಬರಲಿಲ್ಲ' ಅಂತ ತಿದ್ದಿದರೆ ಆರು, ಐದು, ಐದು. ಅರ್ಥ ಹಾಗೇ ಇದೆ, ಓಟ ಮೊದಲ ಹೆಜ್ಜೆಗೇ ಎಡವಿತು. ಧಾರವಾಡದ ಕಡೆಯ ದನಿಯೂ ಹೋಯಿತು. ನಿಮ್ಮ ಎರಡು ಪುಸ್ತಕಗಳನ್ನೂ ಹೀಗೇ ಪರೀಕ್ಷೆ ಮಾಡಿ. ಕವಿತೆ ಛಂದಸ್ಸಿನಲ್ಲಿದ್ದರೆ ಮಾತ್ರೆ, ಆದಿಪ್ರಾಸ (ಸಾಲುಗಳ ಎರಡನೇ ಅಕ್ಷರದ ವ್ಯಂಜನ ಒಂದೇ ಆಗಿರುವುದು) ಎರಡೂ ಸಾಕ್ಷಿ ಹೇಳುತ್ತವೆ.

ಇದು ನಮ್ಮಲ್ಲಿ ಮಾತ್ರ ಅಂದುಕೊಳ್ಳಬೇಡಿ. ಅಮೆರಿಕದ ಕವಿ ಎಮಿಲಿ ಡಿಕಿನ್ಸನ್ ತೀರಿಕೊಂಡ ಮೇಲೆ, 1890ರಲ್ಲಿ ಆಕೆಯ ಮೊದಲ ಸಂಕಲನ ಬಂತು. ಸಂಪಾದಕರಿಬ್ಬರು ಪ್ರಾಸ ನಯ ಮಾಡಿದರು, ಆಕೆಯ ಅಡ್ಡಗೆರೆಗಳನ್ನು ತೆಗೆದರು, ಹೆಸರಿಲ್ಲದ ಕವಿತೆಗಳಿಗೆ ಹೆಸರಿಟ್ಟರು. ಹಸ್ತಪ್ರತಿ ನೋಡಿ ಎಲ್ಲ ಕವಿತೆಗಳನ್ನೂ ಸರಿಪಡಿಸಿದ ಆವೃತ್ತಿ ಬರಲು 1955 ಆಗಬೇಕಾಯಿತು. ಬದುಕಿದ್ದಾಗಲೂ ತಪ್ಪಲಿಲ್ಲ. 1866ರಲ್ಲಿ ಒಂದು ಪತ್ರಿಕೆ ಆಕೆಯ ಹಾವಿನ ಕವಿತೆ ಹಾಕಿತು. ಮೂರನೇ ಸಾಲಿನ ಕೊನೆಗೆ ವಿರಾಮಚಿಹ್ನೆ ಸೇರಿಸಿ, ಮೂರು ಮತ್ತು ನಾಲ್ಕನೇ ಸಾಲುಗಳ ನಂಟು ಕಡಿಯಿತು ಅಂತ ಆಕೆ ಕಾಗದದಲ್ಲಿ ದೂರಿದ್ದಾಳೆ. ಒಂದು ಚಿಹ್ನೆಗೆ ಇಷ್ಟು ಸಿಟ್ಟಾ ಅಂದರೆ, ಹೌದು, ಇಷ್ಟೇ ಸಿಟ್ಟು ಬರಬೇಕು.

ಕವಿಗಳೂ ತಮ್ಮ ಸಾಲು ತಾವೇ ಬದಲಿಸುತ್ತಾರೆ. ಹಾಗಾಗಿ ಮುದ್ರಣದ ವರ್ಷ ನೋಡಿ. ಕವಿ ಬದುಕಿದ್ದಾಗ ಬಂದದ್ದಾದರೆ, ಮುನ್ನುಡಿಯಲ್ಲಿ ಪರಿಷ್ಕರಣೆಯ ಮಾತಿದ್ದರೆ ಹೊಸದನ್ನು ನಂಬಿ. ಕವಿ ಹೋದ ಮೇಲೆ ಬಂದದ್ದಾದರೆ ನಾನು ಹಳೇದರ ಪಕ್ಷ. ಇನ್ನೊಂದು ಹಳೇ ಪ್ರತಿ ಬೇಕಾ? 1954ರ ಕಾಯ್ದೆ ಪ್ರಕಾರ ಪ್ರಕಾಶಕರು ಪ್ರತಿ ಪುಸ್ತಕವನ್ನೂ ಕೋಲ್ಕತ್ತಾದ ರಾಷ್ಟ್ರೀಯ ಗ್ರಂಥಾಲಯಕ್ಕೆ, ನಮ್ಮ ಮುಂಬೈಯೂ ಸೇರಿ ಇನ್ನು ಮೂರು ಊರುಗಳ ಗ್ರಂಥಾಲಯಗಳಿಗೆ ಕಳಿಸಬೇಕು. ಎಷ್ಟು ಜನ ಕಳಿಸುತ್ತಾರೆ ಅನ್ನೋದು ಬೇರೆ ಮಾತು.

ಕಾನೂನು ಕವಿಯ ಕಡೆಗೇ ಇದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 57ನೇ ಕಲಮಿನ ಪ್ರಕಾರ, ಹಕ್ಕು ಬರೆದುಕೊಟ್ಟ ಮೇಲೂ, ತನ್ನ ಹೆಸರಿಗೆ ಕುಂದು ಬರುವಂತೆ ಕೃತಿ ಕೆಡಿಸಿದರೆ ಲೇಖಕ ಕೋರ್ಟಿಗೆ ಹೋಗಬಹುದು. ಆದರೆ ಒತ್ತಕ್ಷರ ಬಿದ್ದದ್ದಕ್ಕೆ ಯಾರು ಕೋರ್ಟಿಗೆ ಹೋಗುತ್ತಾರೆ ಹೇಳಿ. ಎರಡೂ ಪುಟಗಳ ಫೋಟೊ ತೆಗೆದು ಪ್ರಕಾಶಕರಿಗೆ ಕಳಿಸಿ. ಈಗ ಫೈಲ್ ಅವರ ಕೈಯಲ್ಲೇ ಇದೆ, ಮುಂದಿನ ಮುದ್ರಣಕ್ಕೆ ತಿದ್ದುವುದು ಕಷ್ಟವೇನಲ್ಲ.