ಅತ್ತಿಮರದ ಬಾವಲಿ ಕುರುಡಲ್ಲ

ನಮಸ್ಕಾರ. ನಮ್ಮ ಹಾಸನದ ಪತ್ರಿಕೆಗೆ ನೀವು ಕಳಿಸಿದ ಬಾವಲಿ ಲೇಖನ ಓದಿದೆ. ಭಾಷೆ ಚೆನ್ನಾಗಿದೆ, ಸಕಲೇಶಪುರದ ತೋಟ ಕಣ್ಣಿಗೆ ಕಟ್ಟುತ್ತದೆ. ಎರಡನೇ ಪುಟಕ್ಕೆ ಬಂದಾಗ ಮಾತ್ರ ಸಿಟ್ಟು ಬಂತು.

'ಅತ್ತಿಮರದಲ್ಲಿ ಹಣ್ಣಿಗೆ ಜಗಳವಾಡುತ್ತಿದ್ದ ನಾಯಿಮೂತಿಯ ಬಾವಲಿಗಳು.' ಸೊಗಸಾದ ಸಾಲು. ಅದರ ಬೆನ್ನಿಗೇ, 'ಈ ಕುರುಡು ಜೀವಿಗಳು ಸದ್ದು ಮಾಡಿ, ಅದರ ಮಾರ್ದನಿ ಕೇಳಿ ಹುಳ ಹಿಡಿಯುತ್ತವೆ.' ಯಾವ ಜೀವಿಗಳು? ನೀವು ನೋಡಿದ್ದು ಹಣ್ಣು ತಿನ್ನುವ ತೊಗಲುಬಾವಲಿ. ಅವಕ್ಕೆ ದೊಡ್ಡ ಕಣ್ಣಿದೆ, ಚುರುಕು ಮೂಗಿದೆ. ಮಾರ್ದನಿಯ ಗೊಡವೆಯೇ ಇಲ್ಲ. ಹುಳ ಹಿಡಿಯುವುದು ಬೀದಿದೀಪದ ಸುತ್ತ ಗಿರಕಿ ಹೊಡೆಯುವ ಪುಟ್ಟವು. ಅವೂ ಕುರುಡಲ್ಲ! ಹುಡುಕಾಟದಲ್ಲಿ ಸೆಕೆಂಡಿಗೆ 10ರ ಆಸುಪಾಸು ಕೂಗು. ಹುಳ ಹತ್ತಿರವಾದಂತೆ ಕೂಗು ಒತ್ತೊತ್ತಾಗುತ್ತದೆ, ಬಾಯಿ ಹಾಕುವ ಗಳಿಗೆಗೆ 150 ದಾಟುತ್ತದೆ. ನಮ್ಮ ಕಿವಿಗೆ ಬಹುಪಾಲು ಕೇಳಿಸುವುದೇ ಇಲ್ಲ. ಇಂಥದ್ದೊಂದು ವಿವರವೂ ನಿಮ್ಮಲ್ಲಿಲ್ಲ. 'ಪ್ರಕೃತಿಯ ವಿಸ್ಮಯ' ಮಾತ್ರ ಮೂರು ಕಡೆ ಇದೆ.

ಮುಂದೆ, 'ಬೇಟೆ ಬಾವಲಿಗೆ ಹುಟ್ಟಿನಿಂದ ಬಂದ ವಿದ್ಯೆ ಎನ್ನುತ್ತಾರೆ ವಿಜ್ಞಾನಿಗಳು.' ನಾನು ಪ್ರೂಫ್ ನೋಡುತ್ತಾ ಕೆಲಸ ಕಲಿತ ಕಚೇರಿಯಲ್ಲಿ ಒಬ್ಬ ಹಿರಿಯರಿದ್ದರು. ಬಾಯಲ್ಲಿ ಸದಾ ಎಲೆಅಡಿಕೆ, ಹಾಗಾಗಿ ಮಾತು ಕಡಿಮೆ. 'ಎನ್ನುತ್ತಾರೆ' ಕಂಡರೆ ಕೆಂಪು ಪೆನ್ನಲ್ಲಿ ಸುತ್ತು ಹಾಕಿ, ಪಕ್ಕದಲ್ಲಿ 'ಯಾರಪ್ಪಾ ಅಂದಿದ್ದು?' ಎಂದು ಬರೆದು ಹಾಳೆ ತಳ್ಳುತ್ತಿದ್ದರು. ವರದಿಗಾರರು ಗೊಣಗಿಕೊಂಡೇ ಮತ್ತೆ ಬಸ್ ಹತ್ತಬೇಕಿತ್ತು. ಸುದ್ದಿ ಒಂದು ದಿನ ತಡವಾದರೂ ಅವರು ಜಗ್ಗುತ್ತಿರಲಿಲ್ಲ.

ಹಾಗಾಗಿ ನಾನೂ ಕೇಳುತ್ತೇನೆ, ಯಾರು ಅಂದಿದ್ದು? ಪನಾಮಾದಲ್ಲಿ ಕಪ್ಪೆ ತಿನ್ನುವ ಬಾವಲಿಯಿದೆ. ಗಂಡುಕಪ್ಪೆ ಹೆಣ್ಣನ್ನು ಕರೆಯುವ ಸದ್ದು ಕೇಳಿಯೇ ಬಂದು ಎರಗುತ್ತದೆ. ವಿಜ್ಞಾನಿಗಳಾದ ರೇಚಲ್ ಪೇಜ್ ಮತ್ತು ಮೈಕೆಲ್ ರಯಾನ್ 2006ರಲ್ಲಿ ಪ್ರಕಟಿಸಿದ ಪ್ರಯೋಗ ನೋಡಿ. ಬಾವಲಿ ಮುಟ್ಟದ ವಿಷದ ಕಪ್ಪೆಯೊಂದರ ಕೂಗನ್ನು ಸ್ಪೀಕರಿನಲ್ಲಿ ಹಾಕಿ, ಅಲ್ಲೇ ತಿಂಡಿ ಇಟ್ಟರು. ಆ ಪಾಠ ಕಲಿತ ಬಾವಲಿಯ ಜೊತೆ ಬಿಟ್ಟ ಹೊಸ ಬಾವಲಿಗಳು ಸುಮಾರು 5 ಸಲಕ್ಕೆ ಕಲಿತುಬಿಟ್ಟವು. ಒಂಟಿಯಾಗಿ ಬಿಟ್ಟವುಗಳಲ್ಲಿ ಹೆಚ್ಚಿನವಕ್ಕೆ 100 ಸಲವಾದರೂ ತಲೆಗೆ ಹತ್ತಲಿಲ್ಲ. ಹುಟ್ಟಿನಿಂದ ಬಂದದ್ದೇ ಎಲ್ಲವೂ ಆಗಿದ್ದರೆ ಹೀಗಾಗುತ್ತಿತ್ತಾ?

ತೊಗಲುಬಾವಲಿ ಬೇಕೋ, ಹುಳ ಹಿಡಿಯುವುದು ಬೇಕೋ, ಒಂದನ್ನು ಆರಿಸಿ ಮತ್ತೆ ಬರೆಯಿರಿ. ಹಣ್ಣಿನದಾದರೆ, ಬಾವಲಿ ಚೀಪಿ ಉಗುಳಿದ ಕಾಫಿ ಬೀಜವನ್ನು ಮರದಡಿ ಹೆಕ್ಕುವವರನ್ನು ಮಾತಾಡಿಸಿ, ನಿಮ್ಮ ಕಡೆ ತೋಟಗಳಲ್ಲಿ ಸಿಗುತ್ತಾರೆ. ಕೊನೆಯಲ್ಲಿದ್ದ ಪದ್ಯವನ್ನು ನಾನೇ ತೆಗೆದಿದ್ದೇನೆ.