ಮರ ಬಿದ್ದ ಜಾಗದಲ್ಲೇ ಸೆಕ್ರೋಪಿಯಾ ಬೀಜ ಮೊಳೆಯುವುದೇಕೆ?

ಅಲ್ಲಿ ನೆಲಕ್ಕೆ ಬೀಳುವ ಬೆಳಕಿನ ಬಣ್ಣ ಬದಲಾಗುತ್ತದೆ, ಅದಕ್ಕೆ. ಬರೀ ಬೆಳಕು ಜಾಸ್ತಿಯಾಯಿತು ಅಂದರೆ ಅರ್ಧ ಉತ್ತರ.

ಮೆಕ್ಸಿಕೊದಿಂದ ದಕ್ಷಿಣ ಅಮೆರಿಕದವರೆಗೆ, ಮಳೆಕಾಡಿನಲ್ಲಿ ಬಯಲಾದ ಜಾಗವನ್ನು ಮೊದಲು ಹಿಡಿಯುವ ಮರಗಳಲ್ಲಿ ಸೆಕ್ರೋಪಿಯಾ ಒಂದು. ಬಾವಲಿ, ಹಕ್ಕಿಗಳು ಅದರ ಬೀಜವನ್ನು ಎಲ್ಲೆಂದರಲ್ಲಿ ಉದುರಿಸಿರುತ್ತವೆ. ನೆರಳಲ್ಲಿ ಬಿದ್ದವು ಸುಮ್ನೆ ಮಲಗಿರುತ್ತವೆ.

ಮೇಲಿನ ಎಲೆಗಳು ಕೆಂಪು ಬೆಳಕನ್ನು ಹೀರಿಕೊಂಡು, ನಮ್ಮ ಕಣ್ಣಿಗೆ ಹೆಚ್ಚುಕಡಿಮೆ ಕಾಣದ ‘ದೂರಗೆಂಪು’ ಬೆಳಕನ್ನು ಕೆಳಗೆ ಬಿಡುತ್ತವೆ. ಬೀಜದೊಳಗೆ ಫೈಟೋಕ್ರೋಮ್ ಎಂಬ, ಬೆಳಕಿಗೆ ರೂಪ ಬದಲಿಸುವ ಪ್ರೋಟೀನ್ ಇದೆ. ಕೆಂಪು ಬಿದ್ದರೆ ಅದು ಮೊಳಕೆಗೆ ಹೂಂ ಅನ್ನುತ್ತದೆ, ದೂರಗೆಂಪು ಜಾಸ್ತಿಯಾದರೆ ತಡೆಯುತ್ತದೆ. ಮರ ಬಿತ್ತೋ, ಕೆಂಪು ಬೆಳಕು ನೇರ ನೆಲಕ್ಕೆ. ಆದರೆ ಬೀಜ ತೇವವಾಗಿರಲೇಬೇಕು.

ಇಷ್ಟು ಎಚ್ಚರ ಯಾಕೆ? ಬೀಜ ಎಳ್ಳಿಗಿಂತ ಚಿಕ್ಕದು, ಒಳಗಿರುವ ಬುತ್ತಿ ಅತಿ ಕಡಿಮೆ. ನೆರಳಲ್ಲಿ ಮೊಳೆತರೆ ಸತ್ತ ಹಾಗೇ ಅಲ್ವಾ?

ಹಾಗಂತ ಬಯಲು ಹುಡುಕುವ ಗಿಡಗಳೆಲ್ಲ ಬಣ್ಣವನ್ನೇ ನೋಡುವುದಿಲ್ಲ. ಅಲ್ಲಿನದೇ ಬಾಲ್ಸಾ ಮರದ ಬೀಜಕ್ಕೆ ನೀರು ಇಳಿಯದಂಥ ಗಟ್ಟಿ ಸಿಪ್ಪೆ. ಬಿಸಿಲಿಗೋ ಬೆಂಕಿಗೋ ಮಣ್ಣು ಚೆನ್ನಾಗಿ ಕಾದಾಗ ಆ ಸಿಪ್ಪೆ ನೀರಿಗೆ ದಾರಿ ಬಿಡುತ್ತದೆ. ಬಿತ್ತುವ ಮೊದಲು ಬಾಲ್ಸಾ ಬೀಜಕ್ಕೆ ಕುದಿನೀರಿನ ಉಪಚಾರ ಮಾಡುವುದು ಇದಕ್ಕೇ.